ಮೀಸೆಗೆ ಅಂಟಿದ ಮಣ್ಣು: ಕರಾಟೆ ಕಲಿತವನ ಜಿಯು-ಜಿಟ್ಸು

ಕಳೆದ ವರ್ಷ ಆಷಾಢದ ಜಿಟಿಜಿಟಿ ಮಳೆಯ ಒಂದು ಸಂಜೆ, 38ನೆಯ ವಯಸ್ಸಿನಲ್ಲಿ, ಇಂದಿರಾನಗರದ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಬ್ರೆಜಿಲಿಯನ್ ಜಿಯು-ಜಿಟ್ಸು ಎಂಬ, ನೆಲದ ಮೇಲೆ ಹಿಡಿದು ಸೆಣಸುವ ವಿದ್ಯೆಯ ತರಗತಿಗಾಗಿ, ನಾನು ಮತ್ತೊಮ್ಮೆ ಆರಂಭಿಕರ ಬಿಳಿ ಬೆಲ್ಟ್ ಕಟ್ಟಿಕೊಂಡೆ. ಮೊದಲ ಸಲ ಅದನ್ನು ಕಟ್ಟಿಕೊಂಡದ್ದು ನಾಲ್ಕನೆಯ ತರಗತಿಯಲ್ಲಿದ್ದಾಗ, ಗಾಂಧಿ ಬಜಾರಿನ ಸಮೀಪದ ಶಾಲೆಯೊಂದರ ಅಂಗಳದಲ್ಲಿ. ಅಲ್ಲಿ ಕರಾಟೆ ಕಲಿಸುತ್ತಿದ್ದವರನ್ನು ಜಪಾನಿನ ರೂಢಿಯಂತೆ ಸೆನ್ಸೈ ಎನ್ನಬೇಕಿತ್ತಾದರೂ ನಾವೆಲ್ಲ ಕರೆಯುತ್ತಿದ್ದದ್ದು ಮಾಸ್ಟರ್ ಎಂದೇ. ಇಂಜಿನಿಯರಿಂಗ್ ಮತ್ತು ಮದುವೆಯ ಕಾರಣಕ್ಕೆ ಬಿಟ್ಟುಹೋದ ವರ್ಷಗಳನ್ನು ಕಳೆದರೂ 20 ವರ್ಷಗಳಷ್ಟು ಶೊಟೊಕಾನ್ ಶೈಲಿಯ ಕರಾಟೆ ನನ್ನ ಮೈಯಲ್ಲಿದೆ. ಕಪ್ಪು ಬೆಲ್ಟನ್ನು ಮನೆಯಲ್ಲಿ ಬಿಟ್ಟು ಬಿಳಿಯದನ್ನು ಕಟ್ಟಿಕೊಳ್ಳುವುದು ಕಷ್ಟವಾಗಲಿಲ್ಲವೇ ಎಂದು ಗೆಳೆಯರು ಕೇಳಿದರು. ಅದೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಬೇರೆಯೇ.

ಮೊದಲ ತರಗತಿಯಲ್ಲಿ ಒಂದು ಗಂಟೆಯ ಅಭ್ಯಾಸ ಮುಗಿದ ಮೇಲೆ ಕೋಚ್ ನನ್ನನ್ನು ಬಿಳಿಗಿಂತ ಒಂದು ಮೆಟ್ಟಿಲು ಮೇಲಿನ ನೀಲಿ ಬೆಲ್ಟಿನವರೊಬ್ಬರ ಜೊತೆ ರೋಲಿಂಗಿಗೆ, ಎಂದರೆ ಅಭ್ಯಾಸದ ಸೆಣಸಾಟಕ್ಕೆ, ಕಳುಹಿಸಿದರು. ನನಗಿಂತ ಎರಡು ವರ್ಷ ದೊಡ್ಡವರು, ಬ್ಯಾಂಕಿನಲ್ಲಿ ಕೆಲಸ, ಸಣ್ಣಗೆ ಹೊಟ್ಟೆ ಬಂದಿದೆ. ನೋಡಿದರೆ ಯಾರಿಗೂ ಭಯ ಹುಟ್ಟುವಂತಿಲ್ಲ. ನಾನು ಎಡಗಾಲನ್ನು ಮುಂದಿಟ್ಟು, ಮೈಯನ್ನು ಓರೆಯಾಗಿಸಿ, ಅಭ್ಯಾಸಬಲದಿಂದ ಉದ್ದನೆಯ ನಿಲುವಿನಲ್ಲಿ ನಿಂತೆ. ಗುದ್ದು ಬೀಳುವ ಜಾಗವನ್ನು ಕಿರಿದಾಗಿಸುವ ಆ ನಿಲುವು, ಹಿಡಿಯುವವನಿಗೆ ಒಂದು ಕಾಲನ್ನು ತಟ್ಟೆಯಲ್ಲಿಟ್ಟು ಕೊಟ್ಟಂತೆ ಎಂಬುದು ನನಗೆ ತಿಳಿದಿರಲಿಲ್ಲ. ಅವರು ಆ ಕಾಲನ್ನು ಎತ್ತಿಕೊಂಡು, ನನ್ನನ್ನು ಬಹಳ ಜೋಪಾನವಾಗಿ, ಮಗುವನ್ನು ಮಲಗಿಸುವಂತೆ ಮಲಗಿಸಿ, ಪಕ್ಕದಿಂದ ಎದೆಯ ಮೇಲೆ ಭಾರ ಹಾಕಿ ಕುಳಿತರು. ನಾನು ಬಲಗೈಯನ್ನು ನೇರವಾಗಿ ಚಾಚಿ ಅವರನ್ನು ನೂಕಿದೆ. ಚಾಚಿದ ಆ ಕೈಯೇ ಮೊಣಕೈಯನ್ನು ಹಿಮ್ಮುಖವಾಗಿ ಬಗ್ಗಿಸುವ ಪಟ್ಟಾದ ಆರ್ಮ್‌ಬಾರ್‌ಗೆ ಸಿಕ್ಕಿತು. ಅದಕ್ಕೂ ಮೊದಲು, ನಾನು ಕೆಂಪಾಗುತ್ತಿದ್ದುದನ್ನು ಕಂಡು ಅವರು ಹೇಳಿದ ಮಾತು ಮಾತ್ರ ಇಂದಿಗೂ ಕಿವಿಯಲ್ಲಿದೆ: “ಉಸಿರು ಬಿಡಿ ಸಾರ್, ಹಿಡ್ಕೊಂಡಿದ್ದೀರಿ.”

ಆ ಸಂಜೆ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಮರಳುವಾಗ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಬದಲಾಯಿಸುವ ಮೆಟ್ಟಿಲುಗಳ ಮೇಲೆ, ನನಗೆ ಒಂದು ವಿಚಿತ್ರ ಹೊಳೆಯಿತು. ನೆಲಕ್ಕೆ ಬಿದ್ದ ಮರುಕ್ಷಣದಿಂದ ನಾನು ಹೋರಾಡುತ್ತಲೇ ಇರಲಿಲ್ಲ, ಕಾಯುತ್ತಿದ್ದೆ. ಯಾರಾದರೂ ‘ಯಾಮೆ’, ಅಂದರೆ ‘ನಿಲ್ಲಿಸಿ’, ಎನ್ನಲಿ ಎಂದು ಕಾಯುತ್ತಿದ್ದೆ.

ಕರಾಟೆಯ ಸೆಣಸಾಟವಾದ ಕುಮಿತೆಯನ್ನು ಕಾಣದವರಿಗಾಗಿ ಸ್ವಲ್ಪ ವಿವರಿಸಬೇಕು. ಅಲ್ಲಿ ಇಬ್ಬರೂ ಎಟುಕದ ದೂರದಲ್ಲಿ ನಿಂತು ಒಬ್ಬರನ್ನೊಬ್ಬರು ಅಳೆಯುತ್ತಾರೆ. ಜಪಾನಿ ಭಾಷೆಯಲ್ಲಿ ಆ ಅಂತರಕ್ಕೆ ‘ಮಾ-ಆಯ್’ ಎಂದು ಹೆಸರು. ಕಣ್ಣು ಮಿಟುಕಿಸುವಷ್ಟರಲ್ಲಿ ಒಬ್ಬ ಒಳನುಗ್ಗಿ ಗುದ್ದುತ್ತಾನೆ ಅಥವಾ ಒದೆಯುತ್ತಾನೆ, ಕಿಯಾಯ್ ಎಂಬ ಕೂಗು ಹಾಕುತ್ತಾನೆ, ಹಿಂದೆ ಸರಿಯುತ್ತಾನೆ. ರೆಫರಿ ‘ಯಾಮೆ’ ಎಂದು ನಿಲ್ಲಿಸಿ, ಅಂಕ ಕೊಟ್ಟು, ಇಬ್ಬರನ್ನೂ ಮೊದಲಿನ ಗೆರೆಗೆ ಮರಳಿಸುತ್ತಾನೆ. ಇಬ್ಬರ ಮೈ ಒಂದಕ್ಕೊಂದು ಅಂಟಿಕೊಂಡು ಏನೂ ನಡೆಯದಿದ್ದರೂ ಬಿಡಿಸಿ ದೂರ ನಿಲ್ಲಿಸುತ್ತಾನೆ. ಹೀಗಾಗಿ ನನ್ನ ವಿದ್ಯೆಯೆಲ್ಲ ತುಂಡು ತುಂಡಾದ ಕ್ಷಣಗಳ ವಿದ್ಯೆ. ಒಂದು ಕ್ಷಣ ಸಿಡಿಯಬೇಕು, ಅನಂತರ ಯಾರೋ ಒಬ್ಬರು ನನಗೆ ಉಸಿರಾಡಲು ಅವಕಾಶ ಕೊಡುತ್ತಾರೆ. ಜಿಯು-ಜಿಟ್ಸುವಿನಲ್ಲಿ ಆ ಯಾರೋ ಒಬ್ಬರು ಇರುವುದಿಲ್ಲ. ಬಿಳಿ ಬೆಲ್ಟಿನ ಸ್ಪರ್ಧೆಯ ಐದು ನಿಮಿಷಗಳು ಬಿಡುವಿಲ್ಲದ ಐದು ನಿಮಿಷಗಳೇ, ಮತ್ತು ನಾನು ಸೋಲೆಂದು ಭಾವಿಸಿದ್ದ ಆ ಬೀಳುವಿಕೆಗೆ ಅಲ್ಲಿ ಸಿಗುವುದು ಕೇವಲ 2 ಅಂಕ. ಕಾಲುಗಳ ರಕ್ಷಣೆಯನ್ನು ದಾಟಿ ಪಕ್ಕಕ್ಕೆ ಬಂದರೆ 3, ಎದೆಯ ಮೇಲೆ ಕುಳಿತರೆ ಅಥವಾ ಬೆನ್ನ ಹಿಂದಿನಿಂದ ಎರಡೂ ಕಾಲುಗಳನ್ನು ಎದುರಾಳಿಯ ತೊಡೆಗಳ ಒಳಗೆ ಸಿಕ್ಕಿಸಿ ಕೂತರೆ 4. ಅಂದರೆ ನನ್ನ ಆಟ ಮುಗಿಯುತ್ತಿದ್ದ ಕಡೆಯಲ್ಲಿ ಅವರ ಆಟದ ಮೊದಲ ಪುಟ.

ಬೀಳುವುದನ್ನು ಸೋಲೆಂದು ತಿಳಿಯುವುದಕ್ಕೆ ಕರಾಟೆಯೊಂದನ್ನೇ ದೂರುವಂತಿಲ್ಲ. ನಮ್ಮ ಗರಡಿ ಮನೆಯ ಕುಸ್ತಿಯಲ್ಲಿಯೂ ಬೆನ್ನು ಮಟ್ಟಿಯ ಮಣ್ಣಿಗೆ ತಾಗಿದರೆ ಪೈಲ್ವಾನ ಚಿತ್ ಆದಂತೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯ ವ್ಯಂಗ್ಯ ನಿಂತಿರುವುದೂ ಬಿದ್ದವನು ಸೋತವನೇ ಎಂಬ ನಂಬಿಕೆಯ ಮೇಲೆ. ನಮ್ಮಜ್ಜ ಮೈಸೂರು ದಸರಾದ ಕುಸ್ತಿಯ ಕಥೆಗಳನ್ನು ಹೇಳುವಾಗಲೆಲ್ಲ ಕೊನೆಯ ವಾಕ್ಯ ಯಾರ ಬೆನ್ನು ನೆಲ ಕಂಡಿತು ಎಂಬುದೇ ಆಗಿರುತ್ತಿತ್ತು. ಅಂಥ ಮನೆಯಲ್ಲಿ ಬೆಳೆದವನಿಗೆ, ಬೆನ್ನ ಮೇಲೆ ಮಲಗಿ ಎದುರಾಳಿಯನ್ನು ಎರಡು ಕಾಲುಗಳ ನಡುವೆ ಹಿಡಿದಿಟ್ಟುಕೊಳ್ಳುವ ‘ಗಾರ್ಡ್’ ಎಂಬ ಸ್ಥಿತಿ ಸಮಬಲದ್ದು, ಅಲ್ಲಿಂದಲೇ ಮೇಲಿರುವವನ ಕುತ್ತಿಗೆಯನ್ನೂ ಮೊಣಕೈಯನ್ನೂ ಹಿಡಿಯಬಹುದು ಎಂದು ಬುದ್ಧಿ ಒಪ್ಪಿದರೂ ಬೆನ್ನು ಒಪ್ಪುವುದಿಲ್ಲ. ಮೊದಲ ಮೂರು ತಿಂಗಳು ನಾನು ಗಾರ್ಡಿನಿಂದ ಮಾಡಿದ ಒಂದೇ ಕೆಲಸವೆಂದರೆ ಹೇಗಾದರೂ ಎದ್ದು ನಿಲ್ಲಲು ಹೊರಳುವುದು, ಹಾಗೆ ಹೊರಳಿ ಬೆನ್ನು ತೋರಿಸುವುದು, ತೋರಿಸಿದ ಬೆನ್ನಿಗೆ ಒಬ್ಬರು ಅಂಟಿಕೊಂಡು ಕತ್ತು ಒತ್ತುವ ಚೋಕ್ ಹಾಕುವುದು.

ಜಿಯು-ಜಿಟ್ಸುವಿನ ಹುಟ್ಟನ್ನು ತಿಳಿದ ಮೇಲೆ ನನ್ನ ಕಿರಿಕಿರಿ ಸ್ವಲ್ಪ ಕಡಿಮೆಯಾಯಿತು. 1882ರಲ್ಲಿ ಜಿಗೊರೊ ಕಾನೊ ಅವರು ಸ್ಥಾಪಿಸಿದ ಶಾಲೆಯಾದ ಕೊಡೊಕಾನ್‌ನಲ್ಲಿ ಜೂಡೋ ಕಲಿತ ಮಿತ್ಸುಯೊ ಮಯೆದಾ, ಹಲವು ದೇಶಗಳಲ್ಲಿ ಸೆಣಸಾಡಿ 1914ರಲ್ಲಿ ಬ್ರೆಜಿಲ್ ತಲುಪಿ, ಕೊನೆಗೆ ಬೆಲೆಂ ಎಂಬ ನಗರದಲ್ಲಿ ನೆಲೆಸಿದರು. ಅಲ್ಲಿ ಅವರ ವಿದ್ಯೆ ಕಾರ್ಲೋಸ್ ಗ್ರೇಸಿಗೆ ದಕ್ಕಿ, ಕಾರ್ಲೋಸರ ತಮ್ಮನಾದ ಎಲಿಯೊ ಮತ್ತಿತರರ ಕೈಯಲ್ಲಿ ನೆಲದ ಮೇಲಿನ ಕಾದಾಟವಾಗಿ ಬೆಳೆಯಿತು. 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ನಡೆದ, ಬೇರೆ ಬೇರೆ ಸಮರಕಲೆಗಳವರು ಸೆಣಸುವ ಸ್ಪರ್ಧೆಯಾದ ಮೊದಲ ಯುಎಫ್‌ಸಿಯಲ್ಲಿ ಎಲಿಯೊ ಅವರ ಮಗ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದಾಗ, ಗುದ್ದುವವರೆಲ್ಲರ ಕಥೆ ಮುಗಿಯಿತೆಂದು ಹೇಳುವವರು ಹುಟ್ಟಿಕೊಂಡರು. ನನ್ನ ತರಗತಿಯ ಹುಡುಗರಲ್ಲಿ ಇಂದಿಗೂ ಕೆಲವರು ಹಾಗೆಯೇ ಮಾತಾಡುತ್ತಾರೆ. ನಾನು ಅವರಿಗೆ ಲಿಯೊಟೊ ಮಾಚಿಡಾನ ಹೆಸರು ಹೇಳುತ್ತೇನೆ: ಅಪ್ಪನಿಂದ ಶೊಟೊಕಾನ್ ಕಲಿತು, ಜಿಯು-ಜಿಟ್ಸುವಿನಲ್ಲಿಯೂ ಕಪ್ಪು ಬೆಲ್ಟ್ ಪಡೆದು, 2009ರಲ್ಲಿ ಯುಎಫ್‌ಸಿಯ ಲೈಟ್ ಹೆವಿವೇಟ್ ಪಟ್ಟ ಗೆದ್ದವನು, ಬೆಳೆದದ್ದು ಅದೇ ಬೆಲೆಂ ನಗರದಲ್ಲಿ. ಹುಡುಗರು ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ.

ಆದರೆ ಕರಾಟೆಯ ಪರವಾಗಿ ವಾದಿಸುವುದು ಸುಲಭ, ಆ ಕರಾಟೆಯನ್ನು ಚಾಪೆಯ ಮೇಲೆ ಕಳಚಿಡುವುದು ಕಷ್ಟ. ನನ್ನನ್ನು ಹೆಚ್ಚು ಕಾಡಿದ್ದು ಉಸಿರು. ಗುದ್ದಿನ ತುದಿಯಲ್ಲಿ ಮೈಯನ್ನೆಲ್ಲ ಒಂದೇ ಕ್ಷಣ ಬಿಗಿಯುವುದು ನಮ್ಮ ಶಿಕ್ಷಣದ ಸಾರ, ಅದಕ್ಕೆ ‘ಕಿಮೆ’ ಎನ್ನುತ್ತೇವೆ. ಯಾರಾದರೂ ಮೈಮೇಲೆ ಭಾರ ಹಾಕಿದ ಕೂಡಲೇ ನನ್ನ ದೇಹ ಆ ಬಿಗಿತಕ್ಕೆ ಹೋಗಿ ಅಲ್ಲಿಯೇ ಉಳಿದುಬಿಡುತ್ತಿತ್ತು. ಎರಡನೆಯ ನಿಮಿಷಕ್ಕೆ ಮುಂಗೈಗಳು ಕಟ್ಟಿಗೆಯಾಗಿ, ಹಿಡಿದ ಕಾಲರ್ ತಾನಾಗಿ ಕೈ ಜಾರುತ್ತಿತ್ತು. ಎರಡನೆಯ ತಿಂಗಳಲ್ಲಿ ಒಮ್ಮೆ, ನನಗಿಂತ 20 ಕಿಲೊ ಹೆಚ್ಚು ತೂಗುವವರ ಅಡಿಯಿಂದ ಹೀಗೆಯೇ ಸಿಡಿದು ಏಳಲು ಹೋಗಿ ಪಕ್ಕೆಲುಬಿನ ನಡುವಿನ ಸ್ನಾಯುವಿಗೆ ಪೆಟ್ಟು ಮಾಡಿಕೊಂಡೆ. ಮೂರು ವಾರ ಮನೆಯಲ್ಲಿ ಕೂತೆ. ಸೀನು ಬಂದರೆ ದೇವರು ಕಾಣುತ್ತಿದ್ದ. ಅದು ಎದುರಾಳಿಯ ತಪ್ಪಲ್ಲ, ಅವರು ಸುಮ್ಮನೆ ಕುಳಿತಿದ್ದರು.

ಮರಳಿ ಬಂದ ಮೇಲೆ ಕೋಚ್ ನನಗೆ ಬೇರೆಯ ಕೆಲಸ ಕೊಟ್ಟರು. ಪ್ರತಿ ಸುತ್ತನ್ನೂ ಅಡಿಯಲ್ಲಿ ಮಲಗಿಯೇ ಆರಂಭಿಸಬೇಕು, ಗೆಲ್ಲಲು ಪ್ರಯತ್ನಿಸಬಾರದು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಸೊಂಟವನ್ನು ಓರೆಯಾಗಿ ಹಿಂದಕ್ಕೆ ಜಾರಿಸಿ, ಮಂಡಿಯನ್ನು ನಡುವೆ ತೂರಿಸುವುದೊಂದೇ ಗುರಿ. ಸೀಗಡಿಯಂತೆ ಮುದುಡಿ ಜಾರುವುದರಿಂದ ಅದಕ್ಕೆ ಶ್ರಿಂಪ್ ಎಂದು ಹೆಸರು. ಎರಡು ತಿಂಗಳು ಬಹುತೇಕ ಇದನ್ನೇ ಮಾಡಿದೆ. ಗುದ್ದುವ ವಿದ್ಯೆಯಿಂದ ಬರುವ ಯಾರಾದರೂ ನನ್ನನ್ನು ಕೇಳಿದರೆ, ಕಲಿಯಲು ನೂರು ಪಟ್ಟುಗಳಿದ್ದರೂ ಮೊದಲು ಇದೊಂದನ್ನು ಕಲಿಯಿರಿ ಎನ್ನುತ್ತೇನೆ. ನಿಂತಲ್ಲಿಂದಲೇ ರೋಲಿಂಗ್ ಆರಂಭಿಸಿ ನಮ್ಮ ವೇಗ ಮತ್ತು ಅಂತರದ ಅರಿವಿನಿಂದ ತಪ್ಪಿಸಿಕೊಳ್ಳುತ್ತಿದ್ದರೆ ಕಲಿಕೆ ಒಂದು ವರ್ಷ ತಡವಾಗುತ್ತದೆ. ಗಿ, ಅಂದರೆ ಅಭ್ಯಾಸದ ದಪ್ಪ ಅಂಗಿ, ಇಲ್ಲದ ತರಗತಿಗಿಂತ ಗಿ ಇರುವ ತರಗತಿಯೇ ನಮ್ಮಂಥವರಿಗೆ ಒಳ್ಳೆಯದು ಎಂಬುದೂ ನನ್ನ ಅಭಿಪ್ರಾಯ. ದಪ್ಪ ಬಟ್ಟೆಯ ಹಿಡಿತಗಳು ಎಲ್ಲವನ್ನೂ ನಿಧಾನಗೊಳಿಸುತ್ತವೆ, ಬೆವರಿನ ಜಾರಿಕೆಯಿಂದ ಪಾರಾಗುವ ದಾರಿ ಮುಚ್ಚುತ್ತದೆ.

ಆ ಗಿಯ ಬಗ್ಗೆ ಒಂದು ಮಾತು. ಕರಾಟೆಯ ತೆಳು ಬಟ್ಟೆಗೆ ಒಗ್ಗಿದ್ದ ನಮ್ಮ ಮನೆಯ ಬಾಲ್ಕನಿಗೆ ಈ ದಪ್ಪ ನೇಯ್ಗೆಯ ಅಂಗಿ ಬೆಂಗಳೂರಿನ ಮಳೆಗಾಲದಲ್ಲಿ ಎರಡು ದಿನವಾದರೂ ಒಣಗದ ಅತಿಥಿ. “ಈ ಕಂಬಳೀನ ದಿನಾ ಯಾಕೋ ನೆನೆಸ್ತೀಯ?” ಎಂದು ಅಮ್ಮ ಕೇಳುತ್ತಾರೆ. ಒಗೆಯದೆ ಹಾಕಿಕೊಂಡರೆ ಹುಳುಕಡ್ಡಿ ಬರುತ್ತದೆ, ನನಗೊಬ್ಬನಿಗೆ ಬಂದರೆ ವಾರದೊಳಗೆ ತರಗತಿಗೆಲ್ಲ ಬರುತ್ತದೆ ಎಂದು ಹೇಳಿ, ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಹರವುತ್ತೇನೆ. ಎರಡನೆಯ ಗಿ ಕೊಂಡದ್ದು ಉತ್ಸಾಹದಿಂದಲ್ಲ, ಆಷಾಢದಿಂದ.

ಆರನೆಯ ತಿಂಗಳ ಸುಮಾರಿಗೆ ನನ್ನ ಹಳೆಯ ವಿದ್ಯೆ ತಾನಾಗಿಯೇ ಒಮ್ಮೆ ಎದ್ದು ಬಂತು. ಕರಾಟೆಯಲ್ಲಿ ಒಂದು ಕೈ ಗುದ್ದುವಾಗ ಇನ್ನೊಂದು ಕೈಯನ್ನು ಮುಷ್ಟಿ ಕಟ್ಟಿ ಸೊಂಟಕ್ಕೆ ಎಳೆದುಕೊಳ್ಳುತ್ತೇವೆ, ಅದು ‘ಹಿಕಿತೆ’. ಬಾಲ್ಯದಲ್ಲಿ ಮಾಸ್ಟರ್ ಅದರಿಂದ ಗುದ್ದಿಗೆ ಬಲ ಬರುತ್ತದೆ ಎಂದಿದ್ದರು. ಕಟಾಗಳ, ಅಂದರೆ ಒಬ್ಬರೇ ಮಾಡುವ ನಿಗದಿತ ಚಲನೆಗಳ, ಅರ್ಥ ಬಿಡಿಸುವವರು, ಎಳೆಯುವ ಆ ಮುಷ್ಟಿಯಲ್ಲಿ ಎದುರಾಳಿಯ ಕೈಯೋ ತೋಳೋ ಇದೆ ಎಂದು ತಿಳಿಯಬೇಕು ಎನ್ನುತ್ತಾರೆ. ಸಾವಿರ ಸಲ ಗಾಳಿಯನ್ನು ಎಳೆದ ನನಗೆ ಆ ಮಾತು ಬರೀ ವ್ಯಾಖ್ಯಾನವಾಗಿ ಕಂಡಿತ್ತು. ಅಂದು ಬ್ಯಾಂಕಿನವರ ಜೊತೆ ನಿಂತು ಆರಂಭಿಸಿದಾಗ ನನ್ನ ಎಡಗೈಗೆ ಅವರ ಬಲತೋಳಿನ ಬಟ್ಟೆ ಸಿಕ್ಕಿತು, ಬಲಗೈಗೆ ಕಾಲರ್. ಎಡಗೈ ಯೋಚನೆಯಿಲ್ಲದೆ ಸೊಂಟಕ್ಕೆ ಎಳೆದುಕೊಂಡಿತು, ಅವರ ಭಾರವೆಲ್ಲ ಒಂದು ಪಾದಕ್ಕೆ ಬಂತು, ನನ್ನ ಕಾಲು ಆ ಪಾದವನ್ನು ಗುಡಿಸಿತು. ಅವರು ಪೂರ್ತಿಯಾಗಿ, ಸದ್ದು ಮಾಡಿ, ಬಿದ್ದರು. ಅಕ್ಕಪಕ್ಕದವರು ತಿರುಗಿ ನೋಡಿದರು. ನಾನು ನೆಟ್ಟಗೆ ನಿಂತುಬಿಟ್ಟೆ. ಮತ್ತೆ ಅದೇ ‘ಯಾಮೆ’ಗಾಗಿ. ಅಷ್ಟರಲ್ಲಿ ಅವರು ಎದ್ದು ಕುಳಿತು ನನ್ನ ಕಾಲನ್ನು ಅಪ್ಪಿಕೊಂಡಿದ್ದರು. ಅರ್ಧ ನಿಮಿಷದಲ್ಲಿ ನಾನು ಅಡಿಯಲ್ಲಿದ್ದೆ.

ಇನ್ನು ಟ್ಯಾಪ್. ಕರಾಟೆಯಲ್ಲಿ ನಾನು ಸೋತಾಗಲೆಲ್ಲ ಆ ಸುದ್ದಿಯನ್ನು ನನಗೆ ಬೇರೆಯವರು ತಿಳಿಸಿದ್ದಾರೆ. ಮೂಲೆಯಲ್ಲಿ ಕುಳಿತ ತೀರ್ಪುಗಾರರು ಬಾವುಟ ಎತ್ತುತ್ತಾರೆ, ರೆಫರಿ ಕೈ ತೋರುತ್ತಾನೆ, ಮತ್ತು ಮನೆಗೆ ಹೋಗುವ ದಾರಿಯಲ್ಲಿ ಆ ಗುದ್ದು ತಾಗಿರಲಿಲ್ಲ, ಬಾವುಟ ತಪ್ಪಾಯಿತು ಎಂದು ಹೇಳಿಕೊಳ್ಳಲು ಸದಾ ಜಾಗವಿರುತ್ತಿತ್ತು. ಮೀಸೆಗೆ ಮಣ್ಣು ಹತ್ತಿರಲಿಲ್ಲ. ಇಲ್ಲಿ ಕತ್ತಿನ ಎರಡೂ ಪಕ್ಕದ ರಕ್ತನಾಳಗಳ ಮೇಲೆ ಒತ್ತಡ ಬಿದ್ದು ಕಣ್ಣಂಚು ಮಂಜಾಗತೊಡಗಿದಾಗ, ಸೋತೆನೆಂದು ಹೇಳಬೇಕಾದವನು ನಾನೇ, ನನ್ನದೇ ಕೈಯಿಂದ, ಎದುರಾಳಿಯ ಮೈಮೇಲೆ ಎರಡು ಸಲ ತಟ್ಟಿ. ತಡಮಾಡಿದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಮೊಣಕೈಯ ಪಟ್ಟಾದರೆ ಕೀಲು ಕೆಡುತ್ತದೆ. ಒಂದು ಸಂಜೆಗೆ ಆರು ಸಲ, ಏಳು ಸಲ ಹೀಗೆ ಹೇಳಬೇಕು. ಆರಂಭದಲ್ಲಿ ನಾನು ಕೊನೆಯ ಕ್ಷಣದವರೆಗೆ ಹಲ್ಲು ಕಚ್ಚಿ, ಮೊಣಕೈ ಊದಿಸಿಕೊಂಡು ಮನೆಗೆ ಬರುತ್ತಿದ್ದೆ. ಅದು ಧೈರ್ಯವಾಗಿರಲಿಲ್ಲ, ಬಾವುಟಕ್ಕಾಗಿ ಕಾಯುವ ಹಳೆಯ ಚಾಳಿಯಾಗಿತ್ತು.

ಭಾನುವಾರ ಬೆಳಗ್ಗೆ ಈಗಲೂ ಕರಾಟೆ ಅಭ್ಯಾಸಕ್ಕೆ ಹೋಗುತ್ತೇನೆ. ವಾರಕ್ಕೆ ಮೂರು ಸಂಜೆ ಇಂದಿರಾನಗರ. ಬೆಲ್ಟ್ ಬಿಳಿಯದೇ, ಅದರ ತುದಿಯ ಕಪ್ಪು ಪಟ್ಟಿಯ ಮೇಲೆ ಪ್ರಗತಿಯ ಗುರುತಾಗಿ ಎರಡು ಸ್ಟ್ರೈಪುಗಳು ಬಂದಿವೆ. ಬೆರಳುಗಳಿಗೆ ಟೇಪು ಸುತ್ತುವುದು ಹಲ್ಲುಜ್ಜಿದಷ್ಟೇ ಸಹಜವಾಗಿದೆ. ಕಳೆದ ಶುಕ್ರವಾರ ಬ್ಯಾಂಕಿನವರು ನನ್ನ ಬೆನ್ನಿಗೆ ಬಂದು ತೋಳನ್ನು ಗಲ್ಲದ ಅಡಿಗೆ ತೂರಿಸಿದರು. ಆ ತೋಳು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿತ್ತು, ತಡೆಯುವ ದಾರಿ ಮುಗಿದಿದೆ ಎಂಬುದೂ ಗೊತ್ತಿತ್ತು. ಎರಡು ಸಲ ತಟ್ಟಿದೆ.

“ಇನ್ನೂ ಟೈಟ್ ಮಾಡಿರ್ಲಿಲ್ಲ ಸಾರ್,” ಎಂದರು ಅವರು, ತಮ್ಮದೇ ತಪ್ಪೇನೋ ಎಂಬಂತೆ.

“ಗೊತ್ತು,” ಎಂದೆ. ಗೋಡೆಯ ಗಡಿಯಾರದಲ್ಲಿ ಇನ್ನೂ ಎರಡು ನಿಮಿಷ ಉಳಿದಿತ್ತು. ಕೈ ತಟ್ಟಿ, ಮುಷ್ಟಿ ತಾಗಿಸಿ, ಮತ್ತೆ ಶುರುಮಾಡಿದೆವು.