ಕೆಂಪು-ಹಳದಿ ಬಾವುಟದ ಮಾಸ್ತರು

ನಮ್ಮ ಸ್ಕೌಟ್ ಮಾಸ್ತರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ಸುದ್ದಿ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬಂತು. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಅಷ್ಟಕ್ಕೇ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಶಾಲೆಯ ಸಂಚಿಕೆಗೆ ಏನಾದರೂ ಬರೆದು ಕೊಡಿ ಎಂದು ಫೋನ್ ಬಂದಾಗ ತಕ್ಷಣ ಹೂಂ ಅಂದೆ.

ನಾನು 1981ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು. ಆಗಿನ್ನೂ ಕಾರವಾರದಲ್ಲಿ ಕಾಳಿ ನದಿಗೆ ಸೇತುವೆ ಆಗಿರಲಿಲ್ಲ. ಸದಾಶಿವಗಡದ ಕಡೆಯವರು ನದಿ ದಾಟಿಯೇ ಬರಬೇಕಿತ್ತು. ಏನೇನು ಪಾಠ ಓದಿದೆವು ಅಂತ ಕೇಳಿದರೆ ಈಗ ಒಂದೂ ನೆನಪಿಲ್ಲ. ಇಬ್ಬರು ಮಾತ್ರ ಕಣ್ಣ ಮುಂದೆ ನಿಂತಿದ್ದಾರೆ.

ಒಬ್ಬರು ಭೂಗೋಳದ ಅಕ್ಕೋರು. ಅವರು ಪುಸ್ತಕ ತೆರೆದದ್ದನ್ನು ನಾನು ನೋಡಿಲ್ಲ. ಬೋರ್ಡಿನ ಎಡಗಡೆ ಕಛ್‌ನಿಂದ ಶುರುಮಾಡಿದರೆ ಸೀಮೆಸುಣ್ಣ ಎತ್ತದೆ ಮುಂಬಯಿ, ಗೋವಾ, ನಮ್ಮ ಕಾರವಾರ, ಕೊಚ್ಚಿ ದಾಟಿ ಕನ್ಯಾಕುಮಾರಿಗೆ ಇಳಿಯುತ್ತಿದ್ದರು, ಅಲ್ಲಿಂದ ಹಾಗೇ ಮೇಲೆ ಹತ್ತಿ ಬಂಗಾಳದಲ್ಲಿ ಹೋಗಿ ನಿಲ್ಲುತ್ತಿದ್ದರು. ಕಾರವಾರದ ಹತ್ತಿರ ಗೆರೆ ಚೂರು ಒಳಗೆ ತಿರುಗುತ್ತಿತ್ತು. 'ಇಲ್ಲಿ ಸ್ವಲ್ಪ ಒಳಗೆ ಹೋಗ್ತದೆ ನೋಡಿ, ಅದೇ ನಾವು' ಅನ್ನುತ್ತಿದ್ದರು. ಕಡೆಗೆ ಬಲಗಡೆ ಟಕ್ ಟಕ್ ಅಂತ ಚುಕ್ಕೆ ಇಟ್ಟರೆ ಅಂಡಮಾನ್, ನಿಕೋಬಾರ್. ಅದನ್ನು ಮರೆತವರಿಗೆ ಅರ್ಧ ಅಂಕ ಖೋತಾ.

ಇನ್ನೊಬ್ಬರು ನಮ್ಮ ಸ್ಕೌಟ್ ಮಾಸ್ತರು. ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ, ಕಂಕುಳಲ್ಲಿ ಎರಡು ಬಾವುಟ. ಬಾವುಟ ಅವರೇ ಕೂತು ಹೊಲಿದದ್ದು. ಚೌಕದ ಬಟ್ಟೆ, ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ, ಅರ್ಧ ಕೆಂಪು, ಅರ್ಧ ಹಳದಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಮ್ಮನ್ನು ಕಡಲ ದಂಡೆಗೆ ಕರೆದೊಯ್ದು ಸೆಮಾಫೋರ್, ಅಂದರೆ ಬಾವುಟ ಹಿಡಿದ ಕೈಗಳ ಭಂಗಿಯಿಂದಲೇ ದೂರದವರಿಗೆ ಒಂದೊಂದು ಅಕ್ಷರ ತಿಳಿಸುವ ವಿದ್ಯೆ, ಕಲಿಸುತ್ತಿದ್ದರು. ಎರಡೂ ಕೈ ನೇರ ಪಕ್ಕಕ್ಕೆ ಚಾಚಿದರೆ 'ಆರ್'. ಎರಡನ್ನೂ ಓರೆಯಾಗಿ ಮೇಲೆತ್ತಿದರೆ 'ಯು'. ಅದೇ ಓರೆಯಲ್ಲಿ ಕೆಳಗಿಳಿಸಿದರೆ 'ಎನ್'. ಕೈ ಸ್ವಲ್ಪ ಸಡಿಲಾದರೂ ಅವರಿಗೆ ಆಗುತ್ತಿರಲಿಲ್ಲ. ಸರಿ ಬಂದರೆ 'ಅಡ್ಡಿಲ್ಲ' ಅನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ನಾವ್ಯಾರೂ ಕೇಳಿಲ್ಲ.

ಕಲಿತ ವಿದ್ಯೆಯನ್ನು ನಾವು ಸುಮ್ನೆ ಬಿಡಲಿಲ್ಲ. ನಮ್ಮ ತರಗತಿಯ ಕಿಟಕಿಯಿಂದ ದಂಡೆ ಕಾಣುತ್ತಿತ್ತು. ರಂಪಣಿ ಬಲೆ ಎಳೆಯುವ ದಿನ ಒಬ್ಬ ಹೊಟ್ಟೆನೋವು ಅಂತ ಹೇಳಿ ಹೊರಗೆ ಹೋಗುವುದು, ಬಲೆ ದಡಕ್ಕೆ ಹತ್ತಿರ ಬಂದಾಗ ಅಲ್ಲಿಂದ 'ಯು' ತೋರಿಸುವುದು, ಕೂಡಲೇ ನಾವು ಹಿಂದಿನ ಬೆಂಚಿನವರು ಕಿಟಕಿ ಹಾರುವುದು, ಇದು ನಮ್ಮ ಒಪ್ಪಂದ. ಹಗ್ಗಕ್ಕೆ ಕೈ ಹಾಕಿದವರಿಗೆ ಬಂಗಡೆಯಲ್ಲಿ ಪಾಲು ಸಿಗುತ್ತಿತ್ತು. ಆವತ್ತು ಬಲೆ ಭರ್ತಿ ತುಂಬಿತ್ತು. ಎಳೆದು ಎಳೆದು ತಲೆ ಎತ್ತಿದರೆ ಶಾಲೆಯ ಜಗುಲಿಯ ಮೇಲೆ ಮಾಸ್ತರು ನಿಂತಿದ್ದಾರೆ, ಎರಡೂ ಕೈಯಲ್ಲಿ ಬಾವುಟ! ಕೂಗಲಿಲ್ಲ, ಸೀಟಿ ಊದಲಿಲ್ಲ. ಒಂದೊಂದೇ ಅಕ್ಷರ ನಿಧಾನಕ್ಕೆ ತೋರಿಸಿದರು. ಬಿ, ಎ, ಎನ್, ಎನ್, ಐ. 'ಬನ್ನಿ'.

ಹೋದೆವು. ಹೊಡೆಯಲಿಲ್ಲ ಅವರು. ಮೈದಾನದ ಒಂದು ತುದಿಯಲ್ಲಿ ನಮ್ಮನ್ನು ಬಿಸಿಲಿಗೆ ನಿಲ್ಲಿಸಿ, ಇನ್ನೊಂದು ತುದಿಗೆ ತಾವೂ ಬಿಸಿಲಲ್ಲೇ ಹೋಗಿ ನಿಂತರು. ನಮ್ಮ ಹೆಸರು, ಅಪ್ಪನ ಹೆಸರು, ಊರು, ತಾಲೂಕು, ಜಿಲ್ಲೆ ಎಲ್ಲ ಬಾವುಟದಲ್ಲಿ ಹೇಳಬೇಕು. ಒಂದಕ್ಷರ ತಪ್ಪಿದರೆ ಮತ್ತೆ ಮೊದಲಿಂದ. 'ಉತ್ತರ ಕನ್ನಡ' ಎಷ್ಟು ಉದ್ದದ ಹೆಸರು ಅಂತ ನನಗೆ ಗೊತ್ತಾದದ್ದು ಆವತ್ತೇ.

1984ರಲ್ಲಿ ನೌಕಾಪಡೆ ಸೇರಿದೆ. ಕೊಂಕಣ ರೈಲು ಇಲ್ಲದ ಕಾಲ. ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ರೈಲು ಬದಲಿಸುತ್ತ ಒಡಿಶಾಕ್ಕೆ, ಚಿಲಿಕಾ ಸರೋವರದ ದಂಡೆಯ ತರಬೇತಿ ನೆಲೆ ಐಎನ್ಎಸ್ ಚಿಲ್ಕಾಕ್ಕೆ ಹೋದೆ. ಹೊಸ ನಾವಿಕರೆಲ್ಲ ಮೊದಲು ಅಲ್ಲೇ ಹದವಾಗಬೇಕು. ಆಮೇಲೆ ಕೊಚ್ಚಿಯ ಸಿಗ್ನಲ್ ಸ್ಕೂಲ್. ಅಲ್ಲಿ ಮೊದಲ ವಾರವೇ ಬಾವುಟ ಕೈಗೆ ಕೊಟ್ಟರು. ನಾನು ಬೀಸಿದ್ದನ್ನು ನೋಡಿ ನಮ್ಮ ಇನ್‌ಸ್ಟ್ರಕ್ಟರ್ ತರಗತಿ ನಿಲ್ಲಿಸಿ 'ಇದನ್ನು ಎಲ್ಲಿ ಕಲಿತೆ' ಎಂದು ಕೇಳಿದರು. ನಮ್ಮ ಶಾಲೆಯ ಹೆಸರು ಹೇಳಿದೆ. ಆ ತಂಡದಲ್ಲಿ ನಾನೇ ಮೊದಲು ಪಾಸಾದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಹೆಮ್ಮೆಯಲ್ಲಿ ಮಾಸ್ತರ ಪಾಲೂ ಇದೆ.

ರೇಡಿಯೋ ಇರುವಾಗ ಬಾವುಟ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ರೇಡಿಯೋದಲ್ಲಿ ಆಡಿದ್ದನ್ನು ಶತ್ರುವೂ ಕೇಳಬಹುದು, ಹಡಗು ಎಲ್ಲಿದೆ ಅಂತ ಪತ್ತೆಯನ್ನೂ ಮಾಡಬಹುದು. ಹಾಗಾಗಿ ರೇಡಿಯೋ ಬಂದ್ ಮಾಡಿ ಸಾಗುವ ಹೊತ್ತಿನಲ್ಲಿ ಬಾವುಟ ಮತ್ತು ದೀಪವೇ ಗತಿ. ಐಎನ್ಎಸ್ ವಿರಾಟ್‌ನಲ್ಲಿದ್ದಾಗ ಇದನ್ನು ದಿನಾ ನೋಡಿದೆ. ವಿರಾಟ್ ಅಂದರೆ 226 ಮೀಟರ್ ಉದ್ದದ ವಿಮಾನವಾಹಕ. 1987ರಲ್ಲಿ ನಮ್ಮ ನೌಕಾಪಡೆಗೆ ಬಂದದ್ದು. ಎಣ್ಣೆ ತುಂಬಿದ ಟ್ಯಾಂಕರ್ ಹಡಗು ನಡುಗಡಲಲ್ಲಿ ಪಕ್ಕಕ್ಕೆ ಬಂದು, ಎರಡೂ ನಿಲ್ಲದೆ ಒಂದೇ ವೇಗದಲ್ಲಿ ಸಾಗುತ್ತ ಪೈಪಿನಲ್ಲಿ ಇಂಧನ ಕೊಡುತ್ತದೆ. ಆಗ ಕೆಂಪು 'ಬ್ರಾವೋ' ಬಾವುಟ ಮೇಲೇರುತ್ತದೆ. ಅದನ್ನು ಏರಿಸುವ ಹಗ್ಗ ನನ್ನ ಕೈಯಲ್ಲಿರುತ್ತಿತ್ತು. ಉಪ್ಪು ನೀರಿಗೆ ನೆಂದ ಹಗ್ಗ ಅಂಗೈ ಸೀಳುತ್ತಿತ್ತು. ಆ ಗಾಯದ ಗುರುತು ಈಗಲೂ ಇದೆ.

ಮುಂಬಯಿ, ಗುಜರಾತಿನ ಓಖಾ, ವಿಶಾಖಪಟ್ಟಣ, ಹೀಗೆ ವರ್ಗವಾಗುತ್ತ ಹೋಯಿತು. ಎಲ್ಲವೂ ಅಕ್ಕೋರು ಎಳೆದ ಗೆರೆಯ ಮೇಲಿನ ಊರುಗಳೇ. ಕಡೆಗೆ ಆ ಚುಕ್ಕೆಗಳಿಗೂ ಹೋದೆ. 2004ರ ಡಿಸೆಂಬರ್ 26ರಂದು, ಬೆಳಿಗ್ಗೆ ಆರೂವರೆಯ ಹೊತ್ತಿಗೆ ನೆಲ ನಡುಗಿದಾಗ ನಾನು ಪೋರ್ಟ್ ಬ್ಲೇರ್‌ನಲ್ಲಿದ್ದೆ. ಸುನಾಮಿ ಬಡಿದ ಆಮೇಲಿನ ದಿನಗಳಲ್ಲಿ ನಿಕೋಬಾರಿನ ಕಡೆ ಅಕ್ಕಿ, ಔಷಧ, ನೀರು ಹೊತ್ತು ಹೋದೆವು. ಜೆಟ್ಟಿಗಳು ಕಿತ್ತುಹೋಗಿದ್ದವು. ದೂರದಲ್ಲಿ ಲಂಗರು ಹಾಕಿ ಸಣ್ಣ ರಬ್ಬರ್ ದೋಣಿಗಳಲ್ಲಿ ಸಾಮಾನು ಸಾಗಿಸಬೇಕು. ಒಂದು ಕಡೆ ಮೊದಲ ದೋಣಿಯಲ್ಲಿ ಇಳಿದ ನಮ್ಮ ಹುಡುಗನ ವಾಕಿಟಾಕಿ ನೀರು ಕುಡಿದು ಸತ್ತಿತ್ತು. ಅವನು ಬಿದ್ದ ತೆಂಗಿನ ಮರದ ಮೇಲೆ ಹತ್ತಿ ಬರಿಗೈಯಲ್ಲೇ ಸೆಮಾಫೋರ್ ಮಾಡಿದ. ದುರ್ಬೀನಿನಲ್ಲಿ ಓದಿದೆ. ಮೊದಲು ಕುಡಿಯುವ ನೀರು ಕಳಿಸಿ, ಅಕ್ಕಿ ಆಮೇಲೆ. ಎರಡನೇ ದೋಣಿಗೆ ಏರಿಸಿದ್ದ ಮೂಟೆಗಳನ್ನು ಇಳಿಸಿ ನೀರಿನ ಕ್ಯಾನ್ ತುಂಬಿದೆವು. ಆ ಕೆಲಸಕ್ಕೆ ನನಗೆ ಪ್ರಶಂಸಾಪತ್ರ ಸಿಕ್ಕಿತು. ಅದರ ಪ್ರತಿಯನ್ನು ಮಾಸ್ತರ ಮನೆಗೆ ಒಯ್ದು ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. 'ಅಡ್ಡಿಲ್ಲ' ಅಂದರು.

ಕೊನೆಯ ಪೋಸ್ಟಿಂಗ್ ಊರಿಗೇ. ರಾಜೀವ್ ಗಾಂಧಿ 1986ರಲ್ಲಿ ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆ, 2005ರ ಮೇ 31ರಂದು ಐಎನ್ಎಸ್ ಕದಂಬ ಆಯಿತು. ಅರ್ಗಾ, ಬಿಣಗಾ ಕಡೆಯ ನನ್ನ ಸಹಪಾಠಿಗಳು ಮನೆ, ತೆಂಗಿನ ತೋಟ ಬಿಟ್ಟುಕೊಟ್ಟ ನೆಲ ಅದು. ಸಮವಸ್ತ್ರ ಹಾಕಿ ಅಲ್ಲಿ ನಡೆಯುವಾಗಲೆಲ್ಲ ಅವರ ನೆನಪಾಗುತ್ತಿತ್ತು. ದೇಶಕ್ಕೆ ಅವರು ಕೊಟ್ಟದ್ದು ನಾನು ಕೊಟ್ಟದ್ದಕ್ಕಿಂತ ಜಾಸ್ತಿ. ಮಾಸ್ಟರ್ ಚೀಫ್ ಪೆಟ್ಟಿ ಆಫೀಸರ್ ಆಗಿ ಅಲ್ಲಿಂದಲೇ ನಿವೃತ್ತನಾದೆ.

ಈಗ ತಮ್ಮನ ಮಗಳು ಹೈಸ್ಕೂಲಿನಲ್ಲಿದ್ದಾಳೆ. ಅವಳಿಗೆ ಅಚ್ಚು ಹಾಕಿದ ನಕ್ಷೆ ಕೊಡುತ್ತಾರೆ, ಊರಿನ ಹೆಸರು ತುಂಬಿದರೆ ಮುಗಿಯಿತು. ಕೈಯಿಂದ ಒಂದು ಸಲವೂ ಕರಾವಳಿ ಬರೆದಿಲ್ಲ. ಶನಿವಾರ ಮಧ್ಯಾಹ್ನ ಟ್ಯೂಷನ್. ಕಡಲು ಇಷ್ಟು ಹತ್ತಿರ ಇದ್ದೂ ಮಕ್ಕಳಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಗೊತ್ತಿಲ್ಲ ಅಂದರೆ ಬೇಜಾರಾಗುತ್ತದೆ. ಶಿಕ್ಷಕರದ್ದು ತಪ್ಪಲ್ಲ, ಅವರಿಗೆ ಉಸಿರಾಡಲು ಪುರುಸೊತ್ತು ಎಲ್ಲಿದೆ, ಅಲ್ವಾ?

ಅದಕ್ಕೇ ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ. ಎಂಟನೇ ತರಗತಿಯ ಮಕ್ಕಳನ್ನು ಶನಿವಾರ ಸಂಜೆ ಒಂದು ತಾಸು ನನಗೆ ಕೊಡಿ. ದಂಡೆಯಲ್ಲಿ ಯುದ್ಧನೌಕೆ ಚಪಲ್ ನಿಲ್ಲಿಸಿದ್ದಾರಲ್ಲ, ಅದರ ಪಕ್ಕ ಜಾಗ ಧಾರಾಳ ಇದೆ. ಬಾವುಟ ಹೊಲಿಸಲು ಟೇಲರನಿಗೆ ಬಟ್ಟೆ ಕೊಟ್ಟಾಗಿದೆ. ಹುಡುಗಿಯರನ್ನೂ ಕಳಿಸಿ.