ಮುಟ್ಟದೆ ಬಿಡುವುದನ್ನು ಕಲಿಸಲು ಹೋಗಿದ್ದೆ

“ಹಂಗಾರ ನಾ ಸುಮ್ನ ಕುಂದ್ರಬೇಕೇನ್ರಿ ಸರ?”

ಗುರುವಾರ ಮಧ್ಯಾಹ್ನ ಪೀಣ್ಯದ ಒಂದು ಕಾರ್ಖಾನೆಯ ತರಬೇತಿ ಕೊಠಡಿಯಲ್ಲಿ ಕೇಳಿದ ಈ ಮಾತು ಭಾನುವಾರವಾದರೂ ನನ್ನನ್ನು ಬಿಟ್ಟಿಲ್ಲ. ಕೇಳಿದವರು ಸಿಎನ್‌ಸಿ ಲೇತ್, ಅಂದರೆ ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕಡೆಯುವ ಯಂತ್ರ, ನಡೆಸುವ ಆಪರೇಟರ್, ಹೂವಿನಹಡಗಲಿ ಕಡೆಯವರು, ವಯಸ್ಸು ಮೂವತ್ತರ ಆಸುಪಾಸು. ಅವರ ದನಿಯಲ್ಲಿ ಕೋಪವಿರಲಿಲ್ಲ. ಒಂಬತ್ತು ವರ್ಷ ಶ್ರದ್ಧೆಯಿಂದ ಮಾಡಿಕೊಂಡು ಬಂದ ಕೆಲಸವೇ ತಪ್ಪೆಂದು ಹದಿನೆಂಟು ಜನ ಜೊತೆಗಾರರ ಎದುರಿಗೆ ಸಾಬೀತಾದಾಗ ಮನುಷ್ಯನಿಗೆ ಆಗುವ ಸಂಕಟ ಮಾತ್ರ ಇತ್ತು.

ಕಾರು ತಯಾರಕರಿಗೆ ಬಿಡಿಭಾಗ ಕೊಡುವ ಕಾರ್ಖಾನೆಗಳಲ್ಲಿ ಸಂಖ್ಯಾಶಾಸ್ತ್ರದ ವಿಧಾನಗಳ ಬಗ್ಗೆ ಆಪರೇಟರುಗಳಿಗೆ ಎರಡು ದಿನದ ತರಬೇತಿ ಕೊಡುವುದು ಈಗ ವಾಡಿಕೆಯಾಗಿದೆ. ಬುಧವಾರವೆಲ್ಲ ನಾನು ಕಂಟ್ರೋಲ್ ಚಾರ್ಟ್ ಕಲಿಸಿದ್ದೆ. ಎಷ್ಟೇ ಒಳ್ಳೆಯ ಯಂತ್ರವಾದರೂ ಅದರಿಂದ ಬರುವ ಎರಡು ಜಾಬ್‌ಗಳು, ಅಂದರೆ ಎರಡು ಬಿಡಿಭಾಗಗಳು, ಒಂದೇ ಅಳತೆಯವಾಗಿರುವುದಿಲ್ಲ. ಉಕ್ಕಿನ ಗಡಸುತನ, ಕೂಲಂಟಿನ ಬಿಸಿ, ಮೈಕ್ರೋಮೀಟರ್ ಹಿಡಿದ ಕೈ, ಹೀಗೆ ಹತ್ತಾರು ಸಣ್ಣ ಕಾರಣಗಳು ಸೇರಿ ಅಳತೆ ಸದಾ ಅತ್ತಿತ್ತ ಆಡುತ್ತಿರುತ್ತದೆ. ಲೋಹ ಕತ್ತರಿಸುವ ಬಿಲ್ಲೆಯಾದ ಇನ್ಸರ್ಟಿನ ತುದಿ ಒಡೆದಾಗ ಬರುವ ವ್ಯತ್ಯಾಸದ ಜಾತಿಯೇ ಬೇರೆ. ಈ ಎರಡನ್ನು ಬೇರ್ಪಡಿಸಿ ನೋಡುವ ನಕ್ಷೆಯನ್ನು ಅಮೆರಿಕದಲ್ಲಿ ಟೆಲಿಫೋನ್ ಉಪಕರಣಗಳ ತಯಾರಿಕೆಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರ ಮೇ 16ರಂದು ಒಂದೇ ಪುಟದ ಟಿಪ್ಪಣಿಯಲ್ಲಿ ತಮ್ಮ ಮೇಲಧಿಕಾರಿಗೆ ಬರೆದು ಕೊಟ್ಟಿದ್ದರು. ನೂರು ವರ್ಷ ಕಳೆದರೂ ಅದರ ಮೂಲ ಬದಲಾಗಿಲ್ಲ: ನಡುವೆ ಸರಾಸರಿಯ ಗೆರೆ, ಮೇಲೂ ಕೆಳಗೂ ಮೂರು ಪ್ರಮಾಣ ವಿಚಲನೆಗಳಷ್ಟು ದೂರದಲ್ಲಿ ಮಿತಿಯ ಗೆರೆ. ಅಳತೆಗಳು ಸರಾಸರಿಯ ಸುತ್ತ ಎಷ್ಟು ಚೆದುರಿವೆ ಎಂಬ ಲೆಕ್ಕವೇ ಪ್ರಮಾಣ ವಿಚಲನೆ.

ಇಷ್ಟನ್ನು ಎಲ್ಲರೂ ಬರೆದುಕೊಂಡರು. ಆದರೆ ಬರೆದುಕೊಳ್ಳುವುದು ಬೇರೆ, ನಂಬುವುದು ಬೇರೆ ಎಂಬ ಕಾರಣಕ್ಕೆ ಗುರುವಾರ ಬೆಳಿಗ್ಗೆ ಎಲ್ಲರನ್ನೂ ಈ ಹಡಗಲಿಯ ಆಪರೇಟರ್ ನಡೆಸುವ ಯಂತ್ರದ ಬಳಿಗೇ ಕರೆದೊಯ್ದೆ. 25 ಮಿ.ಮೀ. ವ್ಯಾಸದ ಶಾಫ್ಟ್, 30 ಮೈಕ್ರಾನ್ ಮೇಲೆ ಕೆಳಗೆ ಹೋಗಲು ಅವಕಾಶ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಇವರನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಇಡೀ ಶಾಪಿನಲ್ಲಿ ಪ್ರತಿಯೊಂದು ಜಾಬನ್ನೂ ಅಳೆಯುವವರು ಇವರೊಬ್ಬರೇ ಎಂದು ಎಲ್ಲರೂ ಹೇಳುತ್ತಿದ್ದರು, ಹಾಗಿದ್ದೂ ಇವರ ಯಂತ್ರದಲ್ಲೇ ರಿಜೆಕ್ಷನ್ ಹೆಚ್ಚಿತ್ತು.

ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಸೊಗಸು. ಬಾಗಿಲು ತೆರೆದ ಕೂಡಲೇ ಜಾಬ್ ತೆಗೆದು, ಬನಿಯನ್ ವೇಸ್ಟಿನಿಂದ ಎರಡು ಸುತ್ತು ಒರೆಸಿ, ಮೈಕ್ರೋಮೀಟರಿನ ರ‍್ಯಾಚೆಟ್ಟನ್ನು ಎಣಿಸಿ ಮೂರು ಸಲ ಕಟಕಟ ಅನ್ನಿಸಿ, ಅಳತೆಯನ್ನು ಬೆಳಕಿಗೆ ಹಿಡಿದು ಓದುತ್ತಾರೆ. 12 ಮೈಕ್ರಾನ್ ಹೆಚ್ಚು ಬಂದಿದ್ದರೆ ಆಫ್‌ಸೆಟ್ಟಿನಲ್ಲಿ, ಅಂದರೆ ಕತ್ತರಿಸುವ ತುದಿಯ ಸ್ಥಾನ ತಿದ್ದುವ ಅಂಕಿಯಲ್ಲಿ, 12 ಕಳೆಯುತ್ತಾರೆ, 9 ಕಡಿಮೆಯಿದ್ದರೆ 9 ಕೂಡುತ್ತಾರೆ. ಹೀಗೆ ಅವರ ರೂಢಿಯಂತೆ 50 ಜಾಬ್ ಮಾಡಿಸಿ, ಅನಂತರ ಆಫ್‌ಸೆಟ್ ಗುಂಡಿಯನ್ನೇ ಮುಟ್ಟದೆ ಇನ್ನೂ 50 ಮಾಡಿಸಿದೆ. ಮುಟ್ಟಬೇಡಿ ಎಂದಾಗ ಅವರ ಬಲಗೈ ಎರಡು ಮೂರು ಸಲ ತಾನಾಗಿಯೇ ಪ್ಯಾನೆಲ್ಲಿನತ್ತ ಹೋಗಿ ಹಿಂದಕ್ಕೆ ಬಂತು.

ಮಧ್ಯಾಹ್ನ ಎರಡೂ ಸಾಲುಗಳನ್ನು ಗೋಡೆಯ ಮೇಲೆ ಒಂದರ ಕೆಳಗೊಂದು ಅಂಟಿಸಿದೆವು. ಮುಟ್ಟದೆ ಬಿಟ್ಟ 50 ಜಾಬ್‌ಗಳ ಪ್ರಮಾಣ ವಿಚಲನೆ ಸುಮಾರು 8 ಮೈಕ್ರಾನ್ ಇತ್ತು. ಅದರ ಮೂರು ಪಟ್ಟು 24, ಅಂದರೆ 30ರ ಅವಕಾಶದೊಳಗೆ ನೆಮ್ಮದಿಯಾಗಿ ಕೂರುತ್ತದೆ. ಪ್ರತಿ ಸಲ ತಿದ್ದಿದ ಸಾಲಿನಲ್ಲಿ ಅದು 11 ದಾಟಿತ್ತು. ಮೂರು ಪಟ್ಟು ಮಾಡಿದರೆ 30ರ ಆಚೆಗೆ ಹೋಗುತ್ತದೆ. ಇದು ಗಣಿತ ಹೇಳುವುದೇ. ಹಿಂದಿನ ಜಾಬ್ ಆಕಸ್ಮಿಕವಾಗಿ 12 ಹೆಚ್ಚು ಬಂದಿದ್ದಕ್ಕೆ ಯಂತ್ರವನ್ನು 12 ಇಳಿಸಿದರೆ, ಮುಂದಿನ ಜಾಬಿಗೆ ತನ್ನ ಏರುಪೇರಿನ ಜೊತೆಗೆ ಹಿಂದಿನದರ ಏರುಪೇರೂ ತಿರುಗುಮುರುಗಾಗಿ ಬಂದು ಸೇರಿಕೊಳ್ಳುತ್ತದೆ, ಪ್ರಮಾಣ ವಿಚಲನೆ 1.41 ಪಟ್ಟಾಗುತ್ತದೆ. ಇದನ್ನೇ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ ತಮ್ಮ ತರಗತಿಗಳಲ್ಲಿ ಲಾಳಿಕೆಯೊಳಗಿಂದ ಗೋಲಿ ಬಿಟ್ಟು ತೋರಿಸುತ್ತಿದ್ದರು. ಗೋಲಿ ಗುರಿ ತಪ್ಪಿದಾಗಲೆಲ್ಲ ಲಾಳಿಕೆಯನ್ನು ಸರಿಸುತ್ತ ಹೋದರೆ ಗುರುತುಗಳು ಇನ್ನಷ್ಟು ಚೆದುರುತ್ತವೆ.

ಆಗಲೇ ಅವರು ಎದ್ದು ನಿಂತು ಆ ಪ್ರಶ್ನೆ ಕೇಳಿದ್ದು.

ನಾನು ಕೊಟ್ಟ ಉತ್ತರ ಶಾಸ್ತ್ರದ ಪ್ರಕಾರ ಸರಿಯಾಗಿಯೇ ಇತ್ತು. ಸುಮ್ಮನೆ ಕೂರುವುದಲ್ಲ, ನಕ್ಷೆಯನ್ನು ನೋಡುತ್ತಿರಿ. ಬಿಂದು ಮಿತಿಯ ಗೆರೆ ದಾಟಿದರೆ, ಅಥವಾ ಸತತವಾಗಿ ಎಂಟು ಬಿಂದುಗಳು ಸರಾಸರಿಯ ಒಂದೇ ಬದಿಗೆ ಬಿದ್ದರೆ ಆಗ ಕಾರಣ ಹುಡುಕಿ. ಇನ್ಸರ್ಟ್ ಸವೆದು ಅಳತೆ ಮೆಲ್ಲಗೆ ಏರುತ್ತಿರುವುದು ನಕ್ಷೆಯಲ್ಲಿ ತಾನಾಗಿಯೇ ಕಾಣುತ್ತದೆ, ಆಗ ತಿದ್ದಿ, ಎಂದೆ. ಅವರು ತಲೆಯಾಡಿಸಿ ಕುಳಿತರು. ಆ ತಲೆಯಾಡಿಸುವಿಕೆಯಲ್ಲಿ ಒಪ್ಪಿಗೆ ಇರಲಿಲ್ಲ ಎಂದು ಅರಿಯಲು ಟೀ ಬಿಡುವಿನವರೆಗೆ ಬೇಕಾಯಿತು.

ಟೀ ಹೊತ್ತಿಗೆ ಅವರ ಮನಸ್ಸು ಹಗುರಾಗಲಿ ಎಂದು, ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಿಮ್ಮ ಹಡಗಲಿಯಲ್ಲೇ ಎಂದು ಹೇಳಿದೆ. “ನಮ್ಮೂರಾಗ ಮಲ್ಲಿಗಿ ಅಷ್ಟ ಹೆಸರಾತು ಅಂತ ತಿಳ್ಕೊಂಡಿದ್ನಿ ನೋಡ್ರಿ” ಎಂದು ಅವರು ನಕ್ಕರು. ಆಮೇಲೆ ಶಾಪಿಗೆ ಹೋಗಿ ತಮ್ಮ ಯಂತ್ರದ ರಿಜಿಸ್ಟರನ್ನು ತಂದು ನನ್ನ ಮುಂದೆ ತೆರೆದರು. ಅಳತೆಯ ಪಕ್ಕದಲ್ಲಿ ಒಂದು ಕಲಂ ಇತ್ತು: “ವ್ಯತ್ಯಾಸಕ್ಕೆ ಕೈಗೊಂಡ ಕ್ರಮ”. ಅದರ ಪಕ್ಕ ಸೂಪರ್‌ವೈಸರ್ ಸಹಿ. ಪುಟದ ತುಂಬ ದುಂಡನೆಯ ಅಕ್ಷರಗಳಲ್ಲಿ ಆಫ್‌ಸೆಟ್ ಇಷ್ಟು ಕಳೆದೆ, ಇಷ್ಟು ಕೂಡಿದೆ ಎಂದೇ ಇತ್ತು.

“ಇದನ್ನ ಖಾಲಿ ಬಿಟ್ರ ಕೆಲ್ಸ ಮಾಡಿಲ್ಲ ಅಂತಾರ್ರಿ ಸರ.”

ಅಷ್ಟು ಹೊತ್ತು ನಾನು ಅವರ ಅಭ್ಯಾಸವೆಂದು ತಿಳಿದಿದ್ದು ಅಭ್ಯಾಸವೇ ಆಗಿರಲಿಲ್ಲ. ಆ ಕಲಂ ತುಂಬಿಸಲು ಅವರು ಏನನ್ನಾದರೂ ಮಾಡಲೇಬೇಕಿತ್ತು, ಮಾಡುತ್ತಿದ್ದರು. ಹೆಚ್ಚು ಪ್ರಾಮಾಣಿಕರಾದ್ದರಿಂದ ಮಾಡದೆ ಬರೆಯುತ್ತಿರಲಿಲ್ಲ, ಅಷ್ಟೆ. ಅಳೆಯದೆ, ತಿದ್ದದೆ, ಏನೋ ಒಂದು ಅಂಕಿ ಬರೆದು ಮುಗಿಸುವವರ ಯಂತ್ರಗಳಲ್ಲಿ ರಿಜೆಕ್ಷನ್ ಕಡಿಮೆ ಇದ್ದದ್ದಕ್ಕೂ ಇದೇ ಕಾರಣವಿರಬೇಕು ಎಂದು ಹೊಳೆದಾಗ ನನಗೆ ನಿಜಕ್ಕೂ ನೋವಾಯಿತು.

ಆ ಕಾರ್ಖಾನೆಯ ಪ್ರೊಡಕ್ಷನ್ ಮ್ಯಾನೇಜರ್ ಒಳ್ಳೆಯ ಮನುಷ್ಯ. ಯಂತ್ರದ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಎನ್ನಬಲ್ಲವರು, ಕೆಲಸಗಾರರ ಮನೆಯ ಕಷ್ಟಸುಖ ವಿಚಾರಿಸುವವರು. ಆದರೆ ಅವರ ಬೆಳಗಿನ ಮೀಟಿಂಗಿನಲ್ಲಿ ನಿನ್ನೆಗಿಂತ ಇಂದು ಕಡಿಮೆಯಾದ ಪ್ರತಿಯೊಂದು ಸಂಖ್ಯೆಗೂ ಕಾರಣ ಹೇಳಲೇಬೇಕು. ಹೇಳದವರು ಸೋಮಾರಿಗಳು. ಅಲ್ಲಿ ಹುಟ್ಟಿದ ಒತ್ತಾಯವೇ ಸೂಪರ್‌ವೈಸರ್ ಮೂಲಕ ಇಳಿದು ಇವರ ಬೆರಳ ತುದಿಯಲ್ಲಿ ಆಫ್‌ಸೆಟ್ ಆಗುತ್ತದೆ. ಹಾಗಿರುವಾಗ ತರಬೇತಿಗೆ ಕಳಿಸುವುದು ಮಾತ್ರ ಬೆರಳಿನವರನ್ನು, ಮೀಟಿಂಗಿನವರನ್ನಲ್ಲ. ಇದು ನನಗೆ ಅನ್ಯಾಯವೆನ್ನಿಸುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳ ಇಂಜಿನಿಯರುಗಳು ಇದೇ ವಿಧಾನಗಳನ್ನು ಕಲಿತಿದ್ದರು, ಆಡಳಿತದವರಿಗೆ ಅರ್ಥವಾಗದ ಕಾರಣ ಯುದ್ಧ ಮುಗಿದ ಮೇಲೆ ಅದೆಲ್ಲ ಆರಿಹೋಯಿತು. ಅದನ್ನು ಕಣ್ಣಾರೆ ಕಂಡಿದ್ದ ಡೆಮಿಂಗ್ 1950ರಲ್ಲಿ ಜಪಾನಿಗೆ ಹೋದಾಗ ಇಂಜಿನಿಯರುಗಳಿಗೆ ಪಾಠ ಮಾಡಿದ್ದಲ್ಲದೆ ಕಂಪನಿಗಳ ಮುಖ್ಯಸ್ಥರನ್ನೂ ಎದುರಿಗೆ ಕೂರಿಸಿಕೊಂಡು ಮಾತಾಡಿದರು. ನಮ್ಮಲ್ಲೂ ಇದು ಹೊಸ ವಿದ್ಯೆಯಲ್ಲ. ಸ್ವತಃ ಶೂಹಾರ್ಟ್ 1947-48ರಲ್ಲಿ ಭಾರತಕ್ಕೆ ಬಂದಿದ್ದರು.

ರಾತ್ರಿ ಮನೆಗೆ ಬಂದ ಮೇಲೆ ನೆನಪಾದದ್ದು ಅಮ್ಮ. ಊರಿನಲ್ಲಿ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದಾಗ ಅಪ್ಪ ಮೊದಲು ನೋಡುತ್ತಿದ್ದುದು ಚೀಟಿಯಲ್ಲಿರುವ ಫ್ಯಾಟ್. ನಿನ್ನೆ 4.1 ಇದ್ದದ್ದು ಇವತ್ತು 3.8 ಆಗಿದ್ದರೆ, ಹಸುವಿಗೆ ಏನು ಹಾಕಿದೆ, ಏನು ಬಿಟ್ಟೆ ಎಂದು ಕೇಳುತ್ತಿದ್ದರು. ಅಮ್ಮನ ಬಳಿ ಉತ್ತರವಿರುತ್ತಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆದರೂ ಮರುದಿನ ಹಿಂಡಿಯ ಅಳತೆ ಬದಲಾಗುತ್ತಿತ್ತು, ಅದರ ಮರುದಿನ ಮತ್ತೆ ಬದಲಾಗುತ್ತಿತ್ತು. ಚೀಟಿಗಳನ್ನೆಲ್ಲ ಅವರು ಒಂದು ತಂತಿಗೆ ಚುಚ್ಚಿಡುತ್ತಿದ್ದರು. ಮೂವತ್ತು ಚೀಟಿಗಳನ್ನು ಒಟ್ಟಿಗೆ ತೆಗೆದು ಸಾಲಾಗಿ ಹರಡಿ ನೋಡಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ನೋಡಿದ್ದರೆ ಅಮ್ಮ ಅಷ್ಟು ಬೆಳಗುಗಳಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗಿರಲಿಲ್ಲ.

ಶುಕ್ರವಾರ ನಾನು ಮ್ಯಾನೇಜರಿಗೆ ಫೋನ್ ಮಾಡಿ, ಬೆಳಗಿನ ಮೀಟಿಂಗಿನಲ್ಲಿ ಕೂರುವವರಿಗೆ ಅರ್ಧ ದಿನ ಬೇಕು, ಹಣ ಕೊಡಬೇಕಾಗಿಲ್ಲ ಎಂದೆ. ತಿಂಗಳ ಕೊನೆಯ ಡಿಸ್ಪ್ಯಾಚ್ ಮುಗಿಯಲಿ, ನೋಡೋಣ ಎಂದರು.

ನಿನ್ನೆ ಸಂಜೆ ಹಡಗಲಿಯವರಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಅದೇ ರಿಜಿಸ್ಟರಿನ ಹೊಸ ಪುಟ. ಕ್ರಮದ ಕಲಮಿನಲ್ಲಿ ಒಂದರ ಕೆಳಗೊಂದು, ಅದೇ ದುಂಡನೆಯ ಅಕ್ಷರದಲ್ಲಿ, “ಮುಟ್ಟಿಲ್ಲ” ಎಂದು ಹದಿನಾಲ್ಕು ಸಲ ಬರೆದಿದ್ದರು. ಹದಿನೈದನೆಯ ಸಾಲಿನಲ್ಲಿ “ಇನ್ಸರ್ಟ್ ಬದಲಿಸಿದೆ” ಎಂದಿತ್ತು. ಸಹಿಯ ಕಲಮಿನಲ್ಲಿ ಆ ಹದಿನೈದನೆಯ ಸಾಲಿಗೆ ಮಾತ್ರ ಸೂಪರ್‌ವೈಸರ್ ಸಹಿ ಬಿದ್ದಿತ್ತು.