ತಂಬೂರಿಯನ್ನೇ ಅಳಿಸಿಹಾಕಿದ ದಿನ

ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ ರೆಕಾರ್ಡಿಂಗ್ ಅಂದರೆ ಫ್ಯಾನ್, ಕೂಲರ್ ಎಲ್ಲ ಆಫ್ ಮಾಡಿ ಬೆವರುತ್ತಾ ಕೂರುವುದು. ನನ್ನ ಸ್ಟುಡಿಯೋ ಒಂದೇ ಕೋಣೆ. ನೆಲಕ್ಕೆ ಶಹಾಬಾದ್ ಕಲ್ಲು. ಕಾಲಿಗೆ ತಂಪು, ಮೈಕಿಗೆ ಕಷ್ಟ. ದನಿ ಬಿದ್ದರೆ ಹಾಗೇ ವಾಪಸ್ ಎಗರುತ್ತದೆ. ಅದಕ್ಕೆ ಜಮಖಾನ ಹಾಸಿ, ಗೋಡೆಗೆ ಅವ್ವ ಹೊಲಿದ ಕೌದಿಗಳನ್ನು ತೂಗುಹಾಕಿದ್ದೇನೆ. ಬರುವ ಕೆಲಸ ಹೆಚ್ಚಾಗಿ ಭಜನೆ, ವಚನ, ತತ್ವಪದ.

ಹೋದ ವರ್ಷ ಯಾದಗಿರಿ ಕಡೆಯ ಒಬ್ಬ ಗಾಯಕಿ ಬಂದರು. ಹಿಂದೂಸ್ತಾನಿ ಕಲಿತವರು. ತಾವೇ ಹೊಸದಾಗಿ ಬರೆದ ಸಂಗೀತ ತಂದಿದ್ದರು. ಒಂದು ಧ್ವನಿ, ಒಂದು ತಂಬೂರಿ, ಒಂದು ಚೆಲ್ಲೋ (ಕಮಾನಿನಿಂದ ನುಡಿಸುವ, ದೊಡ್ಡ ಪಿಟೀಲಿನಂಥ ವಾದ್ಯ), ಅಷ್ಟೇ. ಲಲಿತ್ ರಾಗದ ನೆರಳಿದೆ, ಆದರೆ ಬಂದಿಶ್ ಅಂದರೆ ತಾಳಕ್ಕೆ ಕೂರಿಸಿದ ಹಾಡು ಇಲ್ಲ, ತಬಲಾ ಇಲ್ಲ, ತಾಳವೂ ಇಲ್ಲ. ಲಲಿತ್‌ನಲ್ಲಿ ಪಂಚಮ ಬರುವುದಿಲ್ಲ, ಹಾಗಾಗಿ ಸಾಮಾನ್ಯವಾಗಿ ಪಂಚಮಕ್ಕೆ ಇರುವ ತಂಬೂರಿಯ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸಿಕೊಂಡರು. ಚೆಲ್ಲೋ ನುಡಿಸುವವರು ಬೆಂಗಳೂರಿನಲ್ಲಿದ್ದರು. ನಾವು ಇಲ್ಲಿ ಹಾಡು ಹಿಡಿದು ಕಳಿಸಬೇಕು, ಅವರು ಅದನ್ನು ಕೇಳುತ್ತಾ ನುಡಿಸಿ ವಾಪಸ್ ಕಳಿಸಬೇಕು.

ಹಾಡು ಚೆನ್ನಾಗಿಯೇ ಬಂತು. ಆದರೆ ಅದರಡಿಯಲ್ಲಿ ಪಕ್ಕದ ಮನೆಯ ಕೂಲರಿನ ಗುಂಯ್ ಸದ್ದು ಕೂತಿತ್ತು. ನಾನು ರೂಢಿಯಂತೆ ಗದ್ದಲ ತೆಗೆಯುವ ಸಾಫ್ಟ್‌ವೇರ್ ಹಚ್ಚಿದೆ. ಗದ್ದಲ ಹೇಗಿದೆ ಅಂತ ಅದಕ್ಕೆ ಒಂದು ಚೂರು ಕೇಳಿಸಬೇಕು, ಅಂಥ ಸದ್ದನ್ನೆಲ್ಲ ಅದು ಉದ್ದಕ್ಕೂ ಒರೆಸುತ್ತದೆ. ಹಾಡು ಶುರುವಾಗುವ ಮೊದಲಿನ ನಾಲ್ಕು ಸೆಕೆಂಡ್ ತೋರಿಸಿದೆ. ಆ ನಾಲ್ಕು ಸೆಕೆಂಡಿನಲ್ಲಿ ತಂಬೂರಿ ಮೆಲ್ಲಗೆ ಶುರುವಾಗಿತ್ತು. ನಾನು ಗಮನಿಸಲಿಲ್ಲ.

ತಂಬೂರಿಯ ಸೊಗಸು ಇರುವುದೇ ಜವಾರಿಯಲ್ಲಿ, ಅಂದರೆ ತಂತಿಯ ಝೇಂಕಾರದಲ್ಲಿ. ತಂತಿಗೂ ಅದು ಕೂರುವ ಕುದುರೆ ಅನ್ನುವ ಪಟ್ಟಿಗೂ ನಡುವೆ ಸಣ್ಣ ನೂಲು ಇಡುತ್ತಾರೆ. ಆಗ ತಂತಿ ಕುದುರೆಯನ್ನು ಸವರುತ್ತಾ ಮಿಡಿಯುತ್ತದೆ, ಮೂಲ ಸ್ವರದ ಮೇಲೆ ಸಣ್ಣ ಸಣ್ಣ ಸ್ವರಗಳು ಅರಳುತ್ತವೆ. ಕಿವಿಗೆ ಅದು ಸಂಗೀತ. ಸಾಫ್ಟ್‌ವೇರಿಗೆ ಕೂಲರ್ ಹಾಗೆಯೇ ಬಿಡದೆ ಬರುವ ಒಂದು ಸದ್ದು. ಎರಡನ್ನೂ ಒಟ್ಟಿಗೆ ಒರೆಸಿಬಿಟ್ಟಿತು. ಅದು ಸಾಲದು ಅಂತ, ಭಜನೆ ಹಾಡುಗಳಿಗೆ ಮಾಡುವಂತೆ ನಾನು ಉಸಿರಿನ ಸದ್ದುಗಳನ್ನೂ ಒಂದೊಂದಾಗಿ ಕತ್ತರಿಸಿದ್ದೆ.

ಮರುದಿನ ಬೆಂಗಳೂರಿನಿಂದ ಫೋನ್ ಬಂತು. ‘ಇವರು ಯಾವಾಗ ಎತ್ತುತ್ತಾರೆ ಅಂತಲೇ ಗೊತ್ತಾಗುತ್ತಿಲ್ಲ. ಉಸಿರೇ ಕೇಳಿಸುತ್ತಿಲ್ಲ ಅಲ್ವಾ?’ ತಾಳ ಇಲ್ಲದ ಕಡೆ ಗಾಯಕಿಯ ಉಸಿರೇ ಅವರಿಗೆ ಸನ್ನೆ ಆಗಿತ್ತು. ಗಾಯಕಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ‘ಸರ್, ನಮ್ಮ ತಂಬೂರಿ ಎಲ್ಲಿ ಹೋಯ್ತ್ರಿ?’ ಅಂದರು. ನನಗೆ ಮಾತೇ ಹೊರಡಲಿಲ್ಲ.

ಅವರು ಬೈಯಲಿಲ್ಲ. ಫೋನ್ ತೆಗೆದು ಎರಡು ರೆಕಾರ್ಡಿಂಗ್ ಕೇಳಿಸಿದರು. ಮೊದಲನೆಯದು ಎಸ್ಟೋನಿಯಾದ ಸಂಗೀತ ರಚನೆಕಾರ ಆರ್ವೋ ಪ್ಯಾರ್ತ್ ಅವರ ಟಾಬುಲಾ ರಾಸಾ ಅನ್ನುವ ಕೃತಿ. ಇಸಿಎಂ ಅನ್ನುವ ಜರ್ಮನಿಯ ಕಂಪನಿ ಅದನ್ನು 1984ರಲ್ಲಿ ಹೊರತಂದಿತು. ಅದರ ಎರಡನೇ ಭಾಗದ ಹೆಸರೇ ಮೌನ ಅಂತ. ಸ್ವರಗಳು ಇಳಿಯುತ್ತಾ ಇಳಿಯುತ್ತಾ ಕೊನೆಗೆ ಡಬಲ್ ಬಾಸ್ ಅನ್ನುವ, ಚೆಲ್ಲೋಗಿಂತಲೂ ದೊಡ್ಡ ವಾದ್ಯ ಒಂದೇ ಉಳಿಯುತ್ತದೆ. ಅದೂ ಷಡ್ಜ ಮುಟ್ಟುವ ಒಂದು ಮೆಟ್ಟಿಲು ಮುಂಚೆ ನಿಂತುಬಿಡುತ್ತದೆ. ಆ ಸಾ ನಮ್ಮ ಕಿವಿಯೊಳಗೇ ಕೇಳಿಸಬೇಕು. ಅಲ್ಲಿ ಯಾರಾದರೂ ನನ್ನ ಹಾಗೆ ಮೌನವನ್ನು ಒರೆಸಿದ್ದರೆ ಆ ಕೃತಿಯ ಜೀವವೇ ಹೋಗುತ್ತಿತ್ತು.

ಎರಡನೆಯದು ಅಮೆರಿಕದ ಕ್ಯಾರೊಲೈನ್ ಶಾ ಎಂಟು ಕಂಠಗಳಿಗೆ ಬರೆದ ಪಾರ್ಟಿಟಾ ಅನ್ನುವ ಕೃತಿ. 2013ರಲ್ಲಿ ಅದಕ್ಕೆ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂತು. ಆಗ ಅವರಿಗೆ ಮೂವತ್ತು ವರ್ಷ. ನಿಟ್ಟುಸಿರು, ಪಿಸುಮಾತು, ಗುನುಗು, ಎಲ್ಲವೂ ಅದರಲ್ಲಿ ಸಂಗೀತವೇ. ನಾನು ಇಷ್ಟು ವರ್ಷ ಕತ್ತರಿಸಿ ಎಸೆದ ಉಸಿರುಗಳೆಲ್ಲ ಆಗ ನೆನಪಾದವು. ನಿಜಕ್ಕೂ ಹೊಟ್ಟೆಯಲ್ಲಿ ಸಂಕಟ ಆಯಿತು.

ಮತ್ತೆ ಮಾಡೋಣ, ದುಡ್ಡು ಬೇಡ ಅಂದೆ. ಲಲಿತ್ ಹೇಗೂ ಬೆಳಕು ಹರಿಯುವ ಮುಂಚಿನ ರಾಗ. ಪಕ್ಕದ ಮನೆಯ ಅಜ್ಜಿಯನ್ನು ಹಿಂದಿನ ದಿನವೇ ಕೇಳಿಕೊಂಡೆ. ಮುಂಜಾನೆ ನಾಲ್ಕೂವರೆಗೆ ಅವರು ಕೂಲರ್ ಆಫ್ ಮಾಡಿ, ತಾವೂ ಬಂದು ಬಾಗಿಲ ಹತ್ತಿರ ಕೂತರು. ಈ ಸಲ ಒಂದು ಗೋಡೆಯ ಕೌದಿ ತೆಗೆದೆ. ಕಲ್ಲಿನ ದನಿ ಸ್ವಲ್ಪ ಬರಲಿ ಅಂತ. ಬಾಯಿಯ ಹತ್ತಿರದ ಮೈಕ್ ಹಿಂದಕ್ಕೆ ಸರಿಸಿ, ಕೋಣೆಗೆ ಅಂತಲೇ ಇನ್ನೊಂದು ಜೋಡಿ ಮೈಕ್ ಇಟ್ಟೆ. ಯಾರೂ ಅಲುಗಾಡದೆ, ತಂಬೂರಿಯನ್ನೂ ಮುಟ್ಟದೆ ಒಂದು ನಿಮಿಷ ಸುಮ್ನೆ ಕೂತೆವು. ಆ ಖಾಲಿ ನಿಮಿಷವನ್ನೂ ರೆಕಾರ್ಡ್ ಮಾಡಿದೆ. ಈಗ ಯಾರು ಬಂದರೂ ಮೊದಲು ಅದನ್ನೇ ಮಾಡುತ್ತೇನೆ. ಕೆಲವರಿಗೆ ಬೇಸರ ಆಗುತ್ತದೆ, ಆದರೂ ಬಿಡುವುದಿಲ್ಲ.

ಮೂರು ದಿನದಲ್ಲಿ ಚೆಲ್ಲೋ ಬಂತು. ಗಾಯಕಿ ಉಸಿರು ಎಳೆದುಕೊಂಡ ಕಡೆಯೆಲ್ಲ ಕಮಾನು ಅವರ ಜೊತೆಗೇ ಏಳುತ್ತಿತ್ತು. ಕೊನೆಯ ಸ್ವರ ಮುಗಿದ ಮೇಲೂ ತಂಬೂರಿ ನಿಧಾನಕ್ಕೆ ಆರುತ್ತಾ ಹೋಗುತ್ತದೆ. ಅದು ಪೂರ್ತಿ ಆರುವ ಹೊತ್ತಿಗೆ ಅಜ್ಜಿಯ ಬಳೆ ಒಮ್ಮೆ ಕಿಣಿ ಅನ್ನುತ್ತದೆ. ತೆಗೆಯಲಾ ಅಂತ ಗಾಯಕಿಯನ್ನು ಕೇಳಿದೆ. ಅವರು ಇನ್ನೊಂದು ಸಲ ಹಾಕಿಸಿ, ಕಣ್ಣು ಮುಚ್ಚಿ ಕೇಳಿ, ‘ಇರಲಿ ಬಿಡ್ರಿ’ ಅಂದರು.